ಮರಳಿನ ಮೇಲಿನ ಕೆನೆ

ಆಯುಧ ಪೂಜೆಯ ಹಿಂದಿನ ದಿನ ನಾನು ನೀರು ಸೋಸುವ ಎರಡೂ ಮರಳಿನ ಬೆಡ್ಡುಗಳನ್ನು ಕೆರೆಸಿದೆ. ಕೆರೆಸಬೇಕಾಗಿದ್ದದ್ದು ಒಂದನ್ನು ಮಾತ್ರ. ನಾನು ಮಾಡಿದ್ದು ಅಷ್ಟೇ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಹೊನ್ನಾಳಿಗೂ ನ್ಯಾಮತಿಗೂ ನಡುವೆ, ಹೊಳೆ ದಂಡೆಯ ಒಂದು ಊರಿನಲ್ಲಿ ನಮ್ಮ ಫಿಲ್ಟರ್ ಮನೆ ಇದೆ. ಊರಿನ ಹೆಸರು ಬರೆಯುವುದಿಲ್ಲ. ಸುತ್ತಲಿನ ನಾಲ್ಕಾರು ಹಳ್ಳಿಗಳು ಈಗಲೂ ಅದೇ ನೀರು ಕುಡಿಯುತ್ತವೆ, ಅವರನ್ನು ಹೆದರಿಸಿ ನನಗೇನೂ ಆಗಬೇಕಾದ್ದಿಲ್ಲ. ನನ್ನ ಯಜಮಾನರು ಅಲ್ಲಿ ಪಂಪು ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಕೆಲಸ ನನಗೆ ಬಂತು. ನನ್ನ ತವರು ಚನ್ನಗಿರಿ ಕಡೆಯ ಕೆರೆಬಿಳಚಿ. ನೀರನ್ನು ಸೆರಗಿನಲ್ಲಿ ಸೋಸಿದರೆ ಮುಗಿಯಿತು ಎಂದುಕೊಂಡು ಬೆಳೆದವಳು ನಾನು. ಹೆಂಗಸಿನ ಕೈಲಿ ವಾಲ್ವು ತಿರುಗುತ್ತದಾ ಎಂದು ಮೂಗು ಮುರಿದವರಿದ್ದರು. ವಾಲ್ವು ತಿರುಗಿತು. ಅವರಿಗೆ ನನ್ನ ಬಾಯಿಯ ಪರಿಚಯವೂ ಆಯಿತು.

ಕೆಲಸ ಕಲಿಸಿದವರು ಒಬ್ಬ ಹಳೆಯ ಆಪರೇಟರು. ಈಗ ನಿವೃತ್ತರಾಗಿದ್ದಾರೆ. ಮೊದಲ ದಿನ ನನ್ನನ್ನು ಬೆಡ್ಡಿನ ಕಟ್ಟೆಯ ಮೇಲೆ ನಿಲ್ಲಿಸಿದರು. ಬೆಡ್ಡು ಎಂದರೆ ದೊಡ್ಡ ಸಿಮೆಂಟು ತೊಟ್ಟಿ. ಅಡಿಯಲ್ಲಿ ಜಲ್ಲಿ, ಅದರ ಮೇಲೆ ಸೊಂಟದೆತ್ತರ ಮರಳು, ಮರಳಿನ ಮೇಲೆ ಹೊಳೆಯ ನೀರು. ನೀರು ಮರಳಿನೊಳಗೆ ಗಂಟೆಗೆ ಒಂದು ಗೇಣು ಇಳಿದರೆ ಅದೇ ಹೆಚ್ಚು. ಅಷ್ಟು ನಿಧಾನವಾಗಿ ಇಳಿದು, ಕೆಳಗಿನ ಕೊಳವೆಯಿಂದ ಪಕ್ಕದ ಸಂಪಿಗೆ ಬರುತ್ತದೆ. ಸಂಪಿನಲ್ಲಿ ಬ್ಲೀಚಿಂಗ್ ಪುಡಿಯ ನೀರು ಬೆರೆಸಿ ಊರುಗಳಿಗೆ ಬಿಡುತ್ತೇವೆ. ಮರಳು ನೀರನ್ನು ಸೋಸುತ್ತದೆ, ಅಷ್ಟೇ ತಾನೇ ಎಂದೆ ನಾನು. ಆ ಹಿರಿಯರು ನಕ್ಕರು. ಸೋಸುವುದು ಮರಳಲ್ಲ, ಮರಳಿನ ಮೇಲೆ ಕಟ್ಟಿಕೊಂಡಿರುವ ಆ ಹಸಿರು-ಕಂದು ಲೋಳೆ ಎಂದರು. ಅದಕ್ಕೆ ಅವರು ಕೆನೆ ಎನ್ನುತ್ತಿದ್ದರು. ಕಣ್ಣಿಗೆ ಕಾಣದ ಕೋಟಿ ಜೀವ ಅದರಲ್ಲಿವೆಯಂತೆ. ನೀರಿನಲ್ಲಿ ಬರುವ ರೋಗದ ಹುಳುಗಳನ್ನು ಅವೇ ತಿಂದು ಮುಗಿಸುತ್ತವಂತೆ.

ಕೆನೆ ದಪ್ಪವಾದಾಗ ನೀರು ಇಳಿಯುವುದು ನಿಂತುಹೋಗುತ್ತದೆ. ಆಗ ಒಂದು ಬೆಡ್ಡನ್ನು ಬಂದ್ ಮಾಡಿ, ಮೇಲಿನ ಒಂದು ಬೆರಳು ದಪ್ಪದ ಮರಳನ್ನು ಸಲಿಕೆಯಿಂದ ಕೆರೆದು ತೆಗೆಯಬೇಕು. ಕೆರೆದ ಬೆಡ್ಡಿನಲ್ಲಿ ಹೊಸ ಕೆನೆ ಕಟ್ಟುವವರೆಗೆ, ಅಂದರೆ ವಾರವೋ ಹತ್ತು ದಿನವೋ, ಅದರ ನೀರನ್ನು ಚರಂಡಿಗೆ ಬಿಡಬೇಕು. ಅಲ್ಲಿಯವರೆಗೆ ಇನ್ನೊಂದು ಬೆಡ್ಡು ಊರುಗಳನ್ನು ಸಾಕುತ್ತದೆ. ಆ ಹಿರಿಯರು ನನಗೆ ಕಲಿಸಿದ ನಿಯಮ ಒಂದೇ: ಒಂದು ಬೆಡ್ಡಿಗೆ ಯಾವಾಗಲೂ ಕೆನೆ ಇರಬೇಕು. ಎರಡನ್ನೂ ಒಟ್ಟಿಗೆ ಬೋಳು ಮಾಡಬಾರದು. ಹಾಲಿನ ಪಾತ್ರೆಯನ್ನು ಎಷ್ಟೇ ತಿಕ್ಕಿ ತೊಳೆದರೂ ಹೆಪ್ಪು ಹಾಕದೆ ಮೊಸರಾಗುವುದಿಲ್ಲವಲ್ಲ, ಹಾಗೆ ಎಂದಿದ್ದರು. ನನಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ನನ್ನ ಜೊತೆ ಕೆಲಸಕ್ಕಿದ್ದವನು ಮೂವತ್ತು ದಾಟಿದ ಒಬ್ಬ ಮುಸಲ್ಮಾನರ ಮನೆಯ ಗಂಡಸು. ನನ್ನನ್ನು ಅಕ್ಕ ಎನ್ನುತ್ತಿದ್ದ. ಬೆಡ್ಡು ಕೆರೆಯುವುದರಲ್ಲಿ ಅವನ ಕೈ ಪಳಗಿದ್ದು. ಅವನು ಕೆರೆದ ಮರಳಿನ ಮೇಲೆ ಗೋಲಿ ಉರುಳಿಸಬಹುದಿತ್ತು. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡುವ ಜಾತಿಯ ಮನುಷ್ಯ. ನಮ್ಮ ಮನೆಯಿಂದ ಎರಡು ಮನೆ ಆಚೆ ಅವನ ಮನೆ. ತಾಯಿ ಇದ್ದರು, ಹೆಂಡತಿ ಇದ್ದಳು. ಹೆಂಡತಿ ಜಗಳೂರಿನವಳು. ಅವಳ ತಂದೆ ಅಲ್ಲಿ ಗಾದಿ ಹೊಲಿಯುತ್ತಾರೆ. ಮದುವೆಯಾಗಿ ಆರು ವರ್ಷಕ್ಕೆ ಅವಳು ಬಸುರಿಯಾಗಿದ್ದಳು. ಆರು ವರ್ಷ ಅವರು ತಿರುಗದ ಆಸ್ಪತ್ರೆಯಿಲ್ಲ, ಹರಕೆ ಕಟ್ಟದ ದರ್ಗಾ ಇಲ್ಲ. ಆ ಮಗು ಬಂದರೆ ಆ ಮನೆಗೆ ಜೀವ ಬರುತ್ತಿತ್ತು. ಓಣಿಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಎಲ್ಲರೂ ಆ ಹೆಣ್ಣುಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದೆವು.

ಬಸುರಿನಲ್ಲಿ ಅವಳಿಗೆ ಬ್ಲೀಚಿಂಗ್ ವಾಸನೆ ಆಗುತ್ತಿರಲಿಲ್ಲ. ನಲ್ಲಿ ನೀರು ಬಾಯಿಗಿಟ್ಟರೆ ವಾಂತಿ. ಅದಕ್ಕೆ ಇವನೊಂದು ದಾರಿ ಹುಡುಕಿದ. ಪುಡಿ ಬೆರೆಸುವುದಕ್ಕೆ ಮುಂಚೆ, ಬೆಡ್ಡಿನಿಂದ ಸಂಪಿಗೆ ನೀರು ಬೀಳುವ ಬಾಯಿಯಲ್ಲೇ ದಿನಾ ಒಂದು ಕ್ಯಾನು ಹಿಡಿದು ಮನೆಗೆ ಒಯ್ಯುತ್ತಿದ್ದ. ನನ್ನನ್ನು ಕೇಳಿಯೇ ಒಯ್ಯುತ್ತಿದ್ದ. ನಾನು ಹೂಂ ಅಂದಿದ್ದೆ, ಹೆಮ್ಮೆಯಿಂದಲೇ ಅಂದಿದ್ದೆ. ಕೆನೆ ಗಟ್ಟಿಯಾಗಿರುವ ಬೆಡ್ಡಿನ ನೀರು ಎಳನೀರಿಗೆ ಸಮ ಎಂದು ನಾನೇ ಅವನಿಗೆ ಹೇಳಿದ್ದೆ. ಕೆನೆ ಇಲ್ಲದಿದ್ದರೆ ಅದು ಬರೀ ಹೊಳೆ ನೀರು ಎಂದು ಮಾತ್ರ ಹೇಳಿರಲಿಲ್ಲ. ಕೆರೆಯುವುದನ್ನು ಕಲಿಸಿದ್ದೆ, ಯಾಕೆ ಕೆರೆಯುತ್ತೇವೆ ಎನ್ನುವುದನ್ನು ಕಲಿಸಿರಲಿಲ್ಲ. ಕೆರೆದ ಮೇಲೆ ನೀರನ್ನು ಚರಂಡಿಗೆ ಬಿಡುವುದು ಮರಳಿನ ಕೆಸರು ಹೋಗಲಿ ಎಂದು ಅವನು ತಿಳಿದಿದ್ದ. ನನಗೆ ಗೊತ್ತಿರುವ ಒಂದೆರಡು ಸಂಗತಿ ನನ್ನ ಹತ್ತಿರವೇ ಇರಲಿ ಎನ್ನುವ ಸಣ್ಣ ಬುದ್ಧಿ ನನಗಿತ್ತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಇನ್ನು ಆಯುಧ ಪೂಜೆಯ ವಿಷಯ. ನಮ್ಮ ಕಡೆ ಆ ದಿನ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ತೊಳೆಯದ ವಸ್ತುವಿಲ್ಲ. ಫಿಲ್ಟರ್ ಮನೆಯಲ್ಲೂ ಪಂಪು, ಪ್ಯಾನಲ್ ಬೋರ್ಡು, ಸಲಿಕೆ, ಪಾನಾ ಎಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಿ, ಕುಂಬಳಕಾಯಿ ಒಡೆಯುತ್ತೇವೆ. ಪಂಚಾಯ್ತಿಯವರು ಬರುತ್ತಾರೆ, ಮಂಡಕ್ಕಿ ಖಾರ ಹಂಚುತ್ತೇವೆ. ಅದರ ಹಿಂದಿನ ವರ್ಷ ಬಂದವರಲ್ಲಿ ಒಬ್ಬ, ಬೆಡ್ಡಿನ ಪಾಚಿಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ನಾವು ಕುಡಿಯುವ ನೀರಿನ ಅವಸ್ಥೆ ನೋಡಿ ಎಂದು ಬರೆದ. ನೋಡಿದವರೆಲ್ಲ ಥೂ ಥೂ ಎಂದರು. ಎರಡು ತಿಂಗಳು ನಾನು ಅಂಗಡಿಗೆ ಹೋದರೂ ಅದೇ ಮಾತು, ಮದುವೆ ಮನೆಗೆ ಹೋದರೂ ಅದೇ ಮಾತು. ಪಾಚಿಯಮ್ಮ ಎಂದು ಒಬ್ಬಳು ನನ್ನ ಬೆನ್ನ ಹಿಂದೆ ಅಂದದ್ದು ನನ್ನ ಕಿವಿಗೇ ಬಿತ್ತು. ಆ ಪಾಚಿಯೇ ನಿಮ್ಮನ್ನು ಕಾಯುತ್ತಿರುವುದು ಕಣ್ರೇ ಎಂದು ನಾಲ್ಕು ಜನಕ್ಕೆ ತಿಳಿಸಿ ಹೇಳಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಮುಂದಿನ ಪೂಜೆಗೆ ಒಂದು ಹಸಿರು ಎಳೆ ಕಂಡರೆ ಕೇಳಿ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ.

ಈ ಸಲ ಹಬ್ಬಕ್ಕೆ ಎರಡು ದಿನ ಇರುವಾಗ ಒಂದನೇ ಬೆಡ್ಡು ಕೆರೆಯುವ ಹಂತಕ್ಕೆ ಬಂದಿತ್ತು. ಎರಡನೆಯದು ಚೆನ್ನಾಗಿ ಕೆಲಸ ಮಾಡುತ್ತಿತ್ತು, ಅದರ ಕೆನೆ ಹದವಾಗಿತ್ತು. ನೋಡಲು ಮಾತ್ರ ಅದೇ ಹೆಚ್ಚು ಹಸಿರು, ಅದೇ ಗೇಟಿನ ಎದುರಿಗೆ. ಹಿಂದಿನ ದಿನ ಬೆಳಿಗ್ಗೆ ಒಂದನೆಯದನ್ನು ಕೆರೆದು ಮುಗಿಸಿ ಅವನು ಸಲಿಕೆ ತೊಳೆಯುತ್ತಿದ್ದಾಗ, ಎರಡನೆಯದನ್ನೂ ಕೆರೆ ಎಂದೆ. ಅವನು ತಲೆಯೆತ್ತಿ ನೋಡಿದ.

"ಎರಡೂ ಒಟ್ಟಿಗೆ ಯಾವತ್ತೂ ಕೆರೆದಿಲ್ಲಲ್ಲ ಅಕ್ಕ?" ಎಂದ.

"ಹಬ್ಬ ಐತೆ. ಕೆರಿ," ಎಂದೆ.

ಅವನು ಸಲಿಕೆ ಎತ್ತಿಕೊಂಡು ಎರಡನೆಯದಕ್ಕೆ ಇಳಿದ. ಸಂಜೆಯ ಹೊತ್ತಿಗೆ ಎರಡೂ ಬೆಡ್ಡುಗಳು ಹೊಸ ಮನೆಯ ಅಂಗಳದಂತೆ ಹೊಳೆಯುತ್ತಿದ್ದವು. ನನಗೆ ಎಷ್ಟು ಖುಷಿಯಾಯಿತೆಂದರೆ, ಕಟ್ಟೆಯ ಸುತ್ತ ರಂಗೋಲಿ ಬಿಟ್ಟೆ.

ಹಬ್ಬದ ದಿನ ಊರುಗಳಿಗೆ ನೀರು ನಿಲ್ಲಿಸುವಂತಿಲ್ಲ. ಸಂಪಿನಲ್ಲಿದ್ದ ಹಳೆಯ ನೀರು ಆ ಬೆಳಿಗ್ಗೆಗೇ ಖಾಲಿಯಾಯಿತು. ಎರಡೂ ಬೆಡ್ಡಿನ ನೀರನ್ನು ಚರಂಡಿಗೆ ಬಿಡುತ್ತಾ ಕೂತರೆ ಹಬ್ಬದ ಮನೆಗಳಲ್ಲಿ ಕೊಡ ಬರಿದು. ಪೂಜೆ ಮುಗಿಯಿತು, ಕುಂಬಳಕಾಯಿ ಒಡೆಯಿತು, ಬಂದವರು ಬೆಡ್ಡು ನೋಡಿ ಏನಮ್ಮ, ಕನ್ನಡಿ ಮಾಡಿಬಿಟ್ಟಿದ್ದೀಯ ಎಂದು ಹೊಗಳಿ ಫೋಟೋ ಹೊಡೆದುಕೊಂಡರು. ಅವರು ಗೇಟು ದಾಟಿದ ಮೇಲೆ ನಾನು ಎರಡೂ ವಾಲ್ವುಗಳನ್ನು ಸಂಪಿನ ಕಡೆಗೆ ತಿರುಗಿಸಿದೆ. ಬ್ಲೀಚಿಂಗ್ ಪುಡಿಯನ್ನು ದಿನದ ಅಳತೆಗಿಂತ ಎರಡು ಹಿಡಿ ಹೆಚ್ಚು ಹಾಕಿದೆ. ನೀರು ನೋಡಲು ತಿಳಿಯಾಗಿತ್ತು. ಕೆಸರಾಗಿದ್ದರೆ ಯಾರಾದರೂ ಕೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಕ್ಯಾನು ತೊಳೆದುಕೊಂಡು ಸಂಪಿನ ಬಾಯಿಗೆ ಬಂದ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಪುಡಿ ಬೆರೆಯುವ ಮುಂಚಿನ ನೀರು ಅದು. ಆ ಹೊತ್ತು ಅದು ಮರಳು ದಾಟಿ ಬಂದ ಹೊಳೆ ನೀರು, ಹೆಚ್ಚೇನಿಲ್ಲ. ಮೇಲಿನ ಎಷ್ಟು ಊರಿನ ಚರಂಡಿ ಆ ಹೊಳೆಗೆ ಸೇರುತ್ತದೆ ಎಂದು ನನಗೆ ಗೊತ್ತಿತ್ತು. ಬೇಡ ಕಣಪ್ಪ, ಇನ್ನೊಂದು ಹತ್ತು ದಿನ ಇದನ್ನು ಒಯ್ಯಬೇಡ ಎಂದರೆ ಮುಗಿಯುತ್ತಿತ್ತು. ಆದರೆ ಅವನು ಯಾಕೆ ಎಂದು ಕೇಳುತ್ತಿದ್ದ. ಯಾಕೆ ಎಂದು ಹೇಳಿದರೆ, ಮೊನ್ನೆ ಅವನು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದಾಗುತ್ತಿತ್ತು. ಜೊತೆಗೆ, ಎರಡೂ ಬೋಳು ಬೆಡ್ಡಿನ ನೀರು ಊರಿಗೆ ಹರಿಯುತ್ತಿದೆ ಎನ್ನುವ ಮಾತು ಗೇಟು ದಾಟುತ್ತಿತ್ತು. ಅವನು ಕ್ಯಾನು ತುಂಬಿ, ಮುಚ್ಚಳ ಬಿಗಿ ಮಾಡಿ, ಬೈಕಿಗೆ ಕಟ್ಟಿದ. ಬರ್ತೀನಕ್ಕ ಎಂದ. ಹೂಂ ಎಂದೆ.

ಮನೆಗೆ ಬಂದವಳೇ ನಾನು ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟೆ. ಮಗಳು ಹಬ್ಬಕ್ಕೆಂದು ಒಂಬತ್ತು ತಿಂಗಳ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಕುದಿಸಿ ಆರಿಸಿದ ನೀರು ಬಿಟ್ಟು ಬೇರೆ ನೀರನ್ನು ಆ ಮಗುವಿನ ಬಾಯಿಗೆ ಹಾಕಲು ನಾನು ಬಿಡಲಿಲ್ಲ. ಮಗಳು ಕೇಳಿದ್ದಕ್ಕೆ, ಗಾಳಿ ಸರಿಯಿಲ್ಲ, ನೆಗಡಿಯಾಗುತ್ತದೆ ಎಂದೆ. ನನ್ನ ಮನಸ್ಸಿಗೆ ಏನು ಗೊತ್ತಿತ್ತು ಎನ್ನುವುದಕ್ಕೆ ಆ ಪಾತ್ರೆಗಿಂತ ಬೇರೆ ಸಾಕ್ಷಿ ಬೇಡ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಅವನ ಹೆಂಡತಿ ಮಗು ನೋಡಲು ಬಂದಳು. ಆರು ತಿಂಗಳು ತುಂಬುತ್ತಾ ಬಂದಿತ್ತು. ಬಾಗಿಲ ಹತ್ತಿರ ಕೂತು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಆಡಿಸುತ್ತಿದ್ದಳು. ಒಲೆಯ ಮೇಲಿನ ಪಾತ್ರೆ ಅವಳ ಕಣ್ಣಿಗೆ ಬಿತ್ತು. ಇಷ್ಟು ನೀರು ಯಾಕೆ ಕಾಯಿಸುತ್ತೀರಿ ಎಂದಳು. ಮಗಳಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಅವಳು ಮಗುವಿನ ಅಂಗಿ ಸರಿಮಾಡುತ್ತಾ ಕೇಳಿದಳು:

"ಹಂಗಾದ್ರೆ ನಾನೂ ಕಾಸಿ ಕುಡೀಲಾ ಅಕ್ಕ?"

"ನಿಂಗ್ಯಾಕವ್ವ. ನಿನ್ನ ಗಂಡ ಬೆಡ್ಡಿನ ನೀರೇ ತರ್ತಾನಲ್ಲ," ಎಂದೆ.

ಇದನ್ನು ಬರೆಯುವಾಗ ಬೇರೆ ಯಾರೋ ಅಂದ ಮಾತು ಇರಬಾರದೇ ಎನ್ನಿಸುತ್ತದೆ. ಅವಳು ಕಾಯಿಸಿ ಕುಡಿದರೆ ಗಂಡ ಕೇಳುತ್ತಾನೆ, ಅಕ್ಕ ಹೇಳಿದರು ಎನ್ನುತ್ತಾಳೆ, ಅವನು ನಾಳೆ ನನ್ನ ಮುಖ ನೋಡುತ್ತಾನೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ. ಅವಳು ನನ್ನ ಮಾತಿಗೆ ನಕ್ಕು ಮಗುವಿನ ಕೆನ್ನೆ ಹಿಂಡಿದಳು. ಹೋಗುವಾಗ ಒಂದು ಹಿಡಿ ಮಂಡಕ್ಕಿ ಸೆರಗಿಗೆ ಹಾಕಿಸಿಕೊಂಡು ಹೋದಳು.

ಹತ್ತು ದಿನಕ್ಕೆ ಎರಡೂ ಬೆಡ್ಡಿನ ಮೇಲೆ ತೆಳ್ಳಗೆ ಕೆನೆ ಕಾಣಿಸಿತು. ನಾನು ದಿನಾ ಕಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದೆ. ಹಿಂದೆ ಯಾವ ಪಾಚಿಯನ್ನು ಕಂಡು ನಾಚಿದ್ದೆನೋ ಅದೇ ಪಾಚಿ ಬಂದದ್ದಕ್ಕೆ ಹೊಳೆಗೆ ಕೈ ಮುಗಿದೆ. ಆ ನಡುವೆ ಊರಿನಲ್ಲಿ ನಾಲ್ಕೈದು ಮಕ್ಕಳಿಗೆ ಭೇದಿಯಾಗಿತ್ತು. ಹಬ್ಬದ ಹೋಳಿಗೆ ಜಾಸ್ತಿಯಾಯಿತು ಎಂದರು. ನಾನೂ ಹೌದು ಎಂದೆ. ಪುಡಿ ಬೆರೆತ ನೀರು ಉಳಿದವರನ್ನು ಕಾಪಾಡಿತ್ತು. ಅವನ ಹೆಂಡತಿ ಆರಾಮಾಗಿದ್ದಳು. ಏಳನೇ ತಿಂಗಳ ಶಾಸ್ತ್ರಕ್ಕೆ ಜಗಳೂರಿಗೆ ಹೋಗಿ ನಾಲ್ಕು ದಿನ ಇದ್ದು, ಕೈತುಂಬ ಹಸಿರು ಬಳೆ ಇಟ್ಟುಕೊಂಡು ಬಂದಳು. ಬಳೆ ತೋರಿಸಲು ನಮ್ಮ ಮನೆಗೂ ಬಂದಿದ್ದಳು. ಏನೂ ಆಗಲಿಲ್ಲ, ದೇವರು ದೊಡ್ಡವನು ಎಂದುಕೊಂಡು ಆ ಸಂಜೆ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ನೀರಿನ ಕಾಮಾಲೆಗೆ ಅವಸರವಿಲ್ಲ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಒಳಗೆ ಹೋದ ಮೇಲೆ ಅದು ತಿಂಗಳು, ಒಂದೂವರೆ ತಿಂಗಳು ಸುಮ್ಮನೆ ಕೂತಿರುತ್ತದೆ.

ದೀಪಾವಳಿ ಮುಗಿದು ಸ್ವಲ್ಪ ದಿನಕ್ಕೆ ಅವಳಿಗೆ ಜ್ವರ ಬಂತು. ಊಟ ಸೇರದು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಅವನ ತಾಯಿ ಶುಂಠಿ ಕಷಾಯ ಕೊಟ್ಟರು. ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಬಂದವನು, ಅವಳ ಕಣ್ಣು ಹಳದಿಯಾಗಿದೆ ಅಕ್ಕ, ಅಮ್ಮ ಬಿಸಿಲಿಗೆ ಎನ್ನುತ್ತಾರೆ ಎಂದ. ಈಗಲೇ ಆಸ್ಪತ್ರೆಗೆ ಹೊರಡು ಎಂದು ಅವನ ಮೇಲೆ ಕೂಗಾಡಿದೆ. ಹೊನ್ನಾಳಿಯಲ್ಲಿ ನೋಡಿದವರು ದಾವಣಗೆರೆಗೆ ಒಯ್ಯಿರಿ ಎಂದರು. ನಾನೂ ಆಂಬುಲೆನ್ಸಿನಲ್ಲಿ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಅಕ್ಕ, ಮಗು ಒದೀತಾ ಐತೆ, ಏನೂ ಆಗಲ್ಲ ಅಲ್ವಾ ಎಂದು ಎರಡು ಸಲ ಕೇಳಿದಳು. ಏನೂ ಆಗಲ್ಲ ಎಂದು ಎರಡು ಸಲವೂ ಹೇಳಿದೆ.

ಆಸ್ಪತ್ರೆಯ ಡಾಕ್ಟರು ಒಬ್ಬ ಹೆಣ್ಣುಮಗಳು, ನಿಧಾನವಾಗಿ ಮಾತಾಡುವವರು. ಕಾಮಾಲೆಯಲ್ಲಿ ಒಂದು ಬಗೆ ನೀರಿನಿಂದ ಬರುತ್ತದೆ, ಬಸುರಿಯರಿಗೆ ಅದು ತುಂಬಾ ಕೆಟ್ಟದ್ದು ಎಂದರು. ತಾಯಿ ಮಗು ಇಬ್ಬರದ್ದೂ ಈಗಲೇ ಹೇಳುವಂತಿಲ್ಲ ಎಂದರು. ಆಮೇಲೆ ಅವನನ್ನು ಕೇಳಿದರು: ಒಂದು, ಒಂದೂವರೆ ತಿಂಗಳ ಹಿಂದೆ ಯಾವ ನೀರು ಕುಡಿಯುತ್ತಿದ್ದಳು?

"ಫಿಲ್ಟರ್ ನೀರು ಮೇಡಂ. ನಾನೇ ದಿನಾ ತರ್ತಿದ್ದೆ. ಅದಕ್ಕಿಂತ ಒಳ್ಳೆ ನೀರಿಲ್ಲ, ಬೇಕಾದ್ರೆ ನಮ್ಮ ಅಕ್ಕನ್ನ ಕೇಳ್ರಿ," ಎಂದ ಅವನು.

ಡಾಕ್ಟರು ನನ್ನ ಕಡೆ ನೋಡಿದರು. ಅವನೂ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಹಾಗಾದರೆ ಬೇರೆ ಊರಿಗೇನಾದರೂ ಹೋಗಿದ್ದಳಾ ಎಂದು ಅವರು ಕೇಳಿದರು. ಅವನ ತಾಯಿ ಮುಂದೆ ಬಂದು, ಜಗಳೂರಿಗೆ ಹೋಗಿದ್ದಳು, ತವರಿಗೆ ಎಂದರು. ಡಾಕ್ಟರು ಅದನ್ನು ಬರೆದುಕೊಂಡರು.

ಚಿಕಿತ್ಸೆಗೆ ಅದರಿಂದ ವ್ಯತ್ಯಾಸವೇನೂ ಆಗುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಯಾವ ನೀರಾದರೂ ಔಷಧ ಅದೇ ಅಂತೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ತಲೆಯಾಡಿಸುವಾಗ ನನಗೆ ಅದು ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಮಗು ಹೊಟ್ಟೆಯಲ್ಲೇ ಹೋಯಿತು. ಗಂಡುಮಗು. ಅವಳಿಗೆ ಆ ಹೊತ್ತಿಗೆ ಎಚ್ಚರ ತಪ್ಪಿತ್ತು, ಹಾಗಾಗಿ ಅವಳಿಗೆ ತಿಳಿಯಲೇ ಇಲ್ಲ. ಎರಡು ದಿನ ಕಳೆದು ಅವಳೂ ಹೋದಳು. ಊರಿಗೆ ತಂದು ಮಣ್ಣು ಕೊಟ್ಟರು. ನಾನು ಅವರ ಮನೆಯ ಹೆಂಗಸರ ನಡುವೆ ಗೋಡೆಗೊರಗಿ ಕೂತಿದ್ದೆ. ಅಲ್ಲಿ ಮೊದಲ ಸಲ ಆ ಮಾತು ಕೇಳಿದೆ. ಜಗಳೂರಿನ ನೀರು ಮಗಳನ್ನು ತಿಂದಿತು ಎಂದು ಯಾರೋ ಅಂದರು. ಆ ಸೀಮೆಯ ಬೋರಿನ ನೀರು ವಿಷ ಎಂದು ಇನ್ನೊಬ್ಬರು ಅಂದರು. ಅವನ ತಾಯಿ ಎದೆ ಬಡಿದುಕೊಂಡು, ಏಳನೇ ತಿಂಗಳಿಗೆ ಕಳಿಸಬೇಡ ಎಂದಿದ್ದೆ, ಕೇಳಿದರಾ ಎಂದು ಅತ್ತರು. ಮೂಲೆಯಲ್ಲಿ ಜಗಳೂರಿನಿಂದ ಬಂದಿದ್ದ ಅವಳ ತಾಯಿ ಮುಸುಕು ಹಾಕಿಕೊಂಡು ಕೂತಿದ್ದರು. ಅವರು ಒಂದು ಮಾತೂ ಎದುರಾಡಲಿಲ್ಲ. ನಾಲ್ಕು ದಿನ ನಮ್ಮ ಮನೆಯಲ್ಲೇ ಇದ್ದಳಲ್ಲ ಎಂದು ಅವರಿಗೂ ಅನ್ನಿಸಿರಬೇಕು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನ ಹೆಗಲನ್ನು ಯಾರೂ ನೋಡಲಿಲ್ಲ, ಹಾಗಾಗಿ ನಾನೂ ಮುಟ್ಟಿಕೊಳ್ಳಲಿಲ್ಲ. ದಿನಾ ಕೆಲಸಕ್ಕೆ ಹೋದೆ. ಅವನೂ ಬಂದ. ಮಧ್ಯಾಹ್ನ ನನ್ನ ಬುತ್ತಿಯಲ್ಲಿ ಒಂದು ರೊಟ್ಟಿ ಅವನಿಗೆ ಕೊಡುತ್ತಿದ್ದೆ. ಅವನು ಅದನ್ನು ತಿನ್ನುವಾಗ ನಾನು ಎದ್ದು ಪಂಪಿನ ಕಡೆ ಹೋಗುತ್ತಿದ್ದೆ. ನಾನು ಒಳ್ಳೆಯವಳೆಂದು ಅವನು ನಂಬಿದ್ದ, ಅದು ನನ್ನ ಬೆನ್ನ ಮೇಲೆ ಕೂತುಬಿಟ್ಟಿತ್ತು.

ನಲವತ್ತನೇ ದಿನದ ಫಾತೆಹಾ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದು ಕೂತ. ಅವಳ ಬಟ್ಟೆಯ ಟ್ರಂಕನ್ನು ಜಗಳೂರಿಗೆ ಮುಟ್ಟಿಸಬೇಕು, ಎರಡೂ ಮನೆಗೆ ಮಾತು ಬಿಟ್ಟಿದೆ, ಒಬ್ಬನೇ ಹೋಗಲು ಧೈರ್ಯವಿಲ್ಲ, ನೀವೂ ಬನ್ನಿ ಎಂದ. ಆಗುವುದಿಲ್ಲ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ.

ಹೊನ್ನಾಳಿಯಿಂದ ಬಸ್ಸು ಹತ್ತಿದೆವು. ದಾವಣಗೆರೆಯಲ್ಲಿ ಬಸ್ಸು ಬದಲಿಸಿದೆವು. ಟ್ರಂಕು ಅವನ ಕಾಲ ಹತ್ತಿರ ಇತ್ತು. ಜಗಳೂರು ಸಮೀಪಿಸುತ್ತಿದ್ದಂತೆ ಬಯಲು ಒಣಗುತ್ತಾ ಹೋಯಿತು. ಸೊಕ್ಕೆ ಕಡೆಗೆ ಹೋಗುವವರು ಕೆಲವರು ಹಿಂದಿನ ಸೀಟಿನಲ್ಲಿ ಜೋಳದ ಮಾತಾಡುತ್ತಿದ್ದರು. ಅವನು ಕಿಟಕಿಯಿಂದ ಹೊರಗೆ ನೋಡುತ್ತಾ, ಇಲ್ಲಿಯ ನೀರೇ ಹೀಗೆ ಅಂತ ಗೊತ್ತಿದ್ದೂ ಕಳಿಸಿದೆನಲ್ಲ ಅಕ್ಕ ಎಂದ. ಅವನು ಅಳುತ್ತಿರಲಿಲ್ಲ, ಬಹಳ ಹಿಂದೆಯೇ ತೀರ್ಮಾನ ಮಾಡಿಕೊಂಡವನ ಹಾಗೆ ಹೇಳಿದ. ಅವನು ತನ್ನನ್ನೂ ಆ ತಂದೆತಾಯಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿದ್ದಾನೆ ಎಂದು ನನಗೆ ಆಗ ತಿಳಿಯಿತು. ಆ ಹಗ್ಗ ನಾನು ಕೊಟ್ಟದ್ದು.

ಅವರದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹತ್ತಿ ಚೀಲಗಳು, ಅರ್ಧ ಹೊಲಿದ ಒಂದು ಗಾದಿ. ತಂದೆ ಎದ್ದು ಬಂದು ಟ್ರಂಕಿಗೆ ಕೈ ಕೊಟ್ಟರು. ತಾಯಿ ರೂಢಿಯಂತೆ ಎರಡು ಲೋಟ ನೀರು ತಂದರು. ನಮ್ಮ ಮುಂದೆ ಬಗ್ಗಿದವರು ಹಾಗೇ ನಿಂತರು. ಲೋಟ ಕೆಳಗಿಡಲಿಲ್ಲ. ತಿರುಗಿ ಗಂಡನಿಗೆ ಉರ್ದುವಿನಲ್ಲಿ ಏನೋ ಅಂದರು. ತಂದೆ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟರು. ಬಾಟಲಿ ನೀರು ತರಲು ಕಳಿಸಿದ್ದು ಎಂದು ನನಗೆ ಅರ್ಥವಾಯಿತು. ಅಂಗಳದಲ್ಲಿದ್ದ ನೀರಿನ ತೊಟ್ಟಿಯ ಮೇಲೆ ಕಲ್ಲು ಚಪ್ಪಡಿ ಎಳೆದು, ಸುತ್ತ ಸಿಮೆಂಟು ಮೆತ್ತಿದ್ದು ಬಾಗಿಲಿನಿಂದಲೇ ಕಾಣುತ್ತಿತ್ತು.

ತಾಯಿ ನನ್ನ ಕಡೆ ತಿರುಗಿ, ನನಗಾಗಿ ಕನ್ನಡದಲ್ಲಿ ಹೇಳಿದರು: "ಹುಟ್ಟಿದಾಗಿಂದ ಇದೇ ನೀರು ಕುಡಿಸಿ ಬೆಳೆಸಿದ್ದೆ ಅಮ್ಮ. ಬಸುರಿ ಆದಾಗ ಆಗಲ್ಲ ಅಂತ ನಂಗೆ ಗೊತ್ತಾಗ್ಲಿಲ್ಲ."

ಅವನು ತಲೆ ತಗ್ಗಿಸಿಕೊಂಡಿದ್ದ. ಇಲ್ಲ ಎನ್ನಲಿಲ್ಲ.

ನಾನು ಹೇಳಿದೆ. ಯಾವ ಮಾತಿನಿಂದ ಶುರು ಮಾಡಿದೆನೋ ನೆನಪಿಲ್ಲ. ಫೋಟೋ, ಪಾಚಿ, ಪೂಜೆ ಎಲ್ಲ ಹೇಳಿದೆ. ಕೆನೆ ಎಂದರೆ ಏನು ಎನ್ನುವುದನ್ನು ಅವನಿಗೆ ಅಲ್ಲಿ, ಹತ್ತಿ ಚೀಲಗಳ ನಡುವೆ, ಮೊದಲ ಸಲ ವಿವರಿಸಿದೆ. ಕ್ಯಾನು ತುಂಬುವಾಗ ನೋಡುತ್ತಾ ನಿಂತಿದ್ದೆ ಎಂದೆ. ಮೊಮ್ಮಗಳಿಗೆ ನೀರು ಕಾಯಿಸುತ್ತಿದ್ದೆ, ಅವಳು ಕೇಳಿದಾಗ ನಿನಗೆ ಬೇಡ ಎಂದಿದ್ದೆ ಎಂದೂ ಹೇಳಿದೆ. ಆಸ್ಪತ್ರೆಯಲ್ಲಿ ತಲೆಯಾಡಿಸಿದ್ದನ್ನು ಹೇಳುವ ಅಗತ್ಯವಿರಲಿಲ್ಲ, ಅವನು ನೋಡಿದ್ದ. ಆದರೂ ಹೇಳಿದೆ. ನಿಮ್ಮ ನೀರಲ್ಲ ಅಮ್ಮ, ನನ್ನ ನೀರು ಎಂದೆ.

ಅವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ.

"ಅವಳು ಕಾಸಿ ಕುಡೀಲಾ ಅಂತ ಕೇಳಿದ್ಲಾ?" ಎಂದ ಕೊನೆಗೆ.

"ಕೇಳಿದ್ಲು," ಎಂದೆ.

ಅವನು ಎದ್ದ. ಅತ್ತೆಯ ಕೈಯಲ್ಲಿ ಇನ್ನೂ ಆ ಎರಡು ಲೋಟಗಳಿದ್ದವು. ಒಂದನ್ನು ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದ. ಎರಡನೆಯದನ್ನೂ ತೆಗೆದುಕೊಂಡು ಕುಡಿದ. ಆ ತಾಯಿ ಅವನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ಅವನ ತೋಳು ಹಿಡಿದುಕೊಂಡು, ನಲವತ್ತು ದಿನದಿಂದ ಅಳದೆ ಇದ್ದವರಂತೆ ಅತ್ತರು. ಅವನು ಅವರನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದ. ನನ್ನ ಕಡೆ ಇಬ್ಬರೂ ನೋಡಲಿಲ್ಲ.

ಎದ್ದು ಹೋಗೋಣವೆಂದು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ತಂದೆ ಅಂಗಡಿಯಿಂದ ಬಂದರು. ವಯಸ್ಸಾದವರು, ಬಿಸಿಲಲ್ಲಿ ಬೇಗ ಬೇಗ ನಡೆದು ಏದುಸಿರು ಬಿಡುತ್ತಿದ್ದರು. ಬಾಟಲಿಯ ಮುಚ್ಚಳವನ್ನು ತಾವೇ ತಿರುಚಿ ಬಿಚ್ಚಿ, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು.

"ಕುಡೀರಿ ಅಮ್ಮ. ಇದು ಅಂಗಡಿ ನೀರು, ಏನೂ ಆಗಲ್ಲ," ಎಂದರು.

ಅವರಿಗಿನ್ನೂ ಗೊತ್ತಿರಲಿಲ್ಲ. ಒಳಗಿನಿಂದ ಅಳುವ ಸದ್ದು ಬರುತ್ತಿತ್ತು. ಹೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಕೂತುಕೊಳ್ಳಿ ಎಂದೆ. ಅವರು ಗಾದಿಯ ಅಂಚಿನ ಮೇಲೆ ಕೂತರು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ.